ಪೆಟ್ಟು ಬೀಳುವ ಮುಂಚಿನ ಅರ್ಧ ಸೆಕೆಂಡು

ಗೆಳೆಯರ ಬ್ಯಾಂಡ್‌ಗೆ ಮ್ಯೂಸಿಕ್ ವಿಡಿಯೊ ಮಾಡಿಕೊಡಲು ಒಪ್ಪಿಕೊಂಡಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಒಂದು ಚಿತ್ರ. ಹಾಡು ಮುಗಿದ ಕೂಡಲೇ ಅವರ ಡ್ರಮ್ಮರ್ ಸಿಂಬಲ್ಲನ್ನು, ಅಂದರೆ ಡ್ರಮ್ ಜೊತೆಗಿರುವ ಲೋಹದ ತಟ್ಟೆಯನ್ನು, ಕೈಯಿಂದ ಹಿಡಿದು ನಿಲ್ಲಿಸುತ್ತಾನೆ. ಅಭ್ಯಾಸದ ಹೊತ್ತಿನಲ್ಲಿ ಎಷ್ಟೋ ಸಲ ನೋಡಿದ್ದೆ. ಅಷ್ಟು ಜೋರಾಗಿ ಹೊಡೆದ ಕೈ ಮರುಕ್ಷಣದಲ್ಲಿ ಅಷ್ಟು ಮೆತ್ತಗೆ ಹಿಡಿಯುತ್ತದೆ. ಅಳುವ ಮಗುವಿನ ಬೆನ್ನ ಮೇಲೆ ಕೈಯಿಟ್ಟ ಹಾಗೆ. ಕಣ್ಣಿಗೆ ಬೀಳುವಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ. ಅದನ್ನು ಎಲ್ಲರಿಗೂ ನಿಧಾನವಾಗಿ ತೋರಿಸಬೇಕು ಅನ್ನುವುದು ನನ್ನ ಆಸೆ.

ಬ್ಯಾಂಡ್‌ನಲ್ಲಿ ನಾಲ್ವರು. ಹಾಡುವವಳು, ಗಿಟಾರ್‌ನವನು, ಬೇಸ್ ಗಿಟಾರ್‌ನವನು, ಡ್ರಮ್ಮರ್. ಹಾಡು 4 ನಿಮಿಷ 10 ಸೆಕೆಂಡಿನದು. ವೇಗ ನಿಮಿಷಕ್ಕೆ 84 ಬೀಟ್, ಅಂದರೆ ನಿಧಾನದ ಹಾಡೇ. ನಿಧಾನದ ಹಾಡಿಗೆ ನಿಧಾನದ ಚಿತ್ರ ಹೊಂದುತ್ತದೆ ಎಂದು ನಮಗೆಲ್ಲ ಅನ್ನಿಸಿತ್ತು. "ಪೂರ್ತಿ ಹಾಡು ಸ್ಲೋ ಮೋಷನ್‌ನಲ್ಲೇ ಇರಲಿ ಅಣ್ಣಾ" ಅಂದ ಡ್ರಮ್ಮರ್. ನಾನೂ ಹೂಂ ಅಂದೆ. ಕೊನೆಗೆ ವಿಡಿಯೊದಲ್ಲಿ ಉಳಿದ ಸ್ಲೋ ಮೋಷನ್ ಸುಮಾರು 40 ಸೆಕೆಂಡು ಮಾತ್ರ. 250 ಸೆಕೆಂಡಿನಿಂದ 40ಕ್ಕೆ ಹೇಗೆ ಬಂದೆವು ಅನ್ನುವುದೇ ಈ ಬರಹ.

ಮೊದಲು ಸುಲಭದ ದಾರಿ ನೋಡಿದೆ. ಅವರ ಅಭ್ಯಾಸದ ಹಳೆಯ ಕ್ಲಿಪ್ ಒಂದು ನನ್ನ ಹತ್ತಿರ ಇತ್ತು. ಸೆಕೆಂಡಿಗೆ 25 ಫ್ರೇಮ್‌ನಲ್ಲಿ, ಅಂದರೆ 25 ಬಿಡಿ ಚಿತ್ರಗಳಾಗಿ, ಹಿಡಿದದ್ದು. ಅದನ್ನೇ ಎಡಿಟಿಂಗ್‌ನಲ್ಲಿ ನಾಲ್ಕು ಪಟ್ಟು ನಿಧಾನ ಮಾಡಿದೆ. ಒಂದೊಂದು ಫ್ರೇಮನ್ನೂ ನಾಲ್ಕು ಸಲ ತೋರಿಸಿ, ಕುಂಟುತ್ತಾ ಓಡಿತು. ಆಮೇಲೆ ಆಪ್ಟಿಕಲ್ ಫ್ಲೋ ಹಾಕಿದೆ. ಎರಡು ಫ್ರೇಮ್‌ಗಳ ನಡುವೆ ಏನಿರಬಹುದು ಎಂದು ಸಾಫ್ಟ್‌ವೇರ್ ತಾನೇ ಊಹಿಸಿ ಹೊಸ ಫ್ರೇಮ್ ಸೃಷ್ಟಿಸುತ್ತದೆ. ಹಾಡುವವಳ ಮುಖ ಪರವಾಗಿಲ್ಲ ಅನ್ನುವಂತೆ ಬಂತು. ಆದರೆ ಡ್ರಮ್ ಕೋಲುಗಳು ಮೇಣದ ಹಾಗೆ ಕರಗಿದವು. ಗಿಟಾರ್‌ನವನ ಬೆರಳುಗಳು ತಂತಿಗಳ ಜೊತೆ ಕಲಸಿಹೋದವು.

ಕಾರಣ ಸರಳ. ಮೇಲಿನಿಂದ ಬೀಸಿದ ಕೋಲು ಡ್ರಮ್ ಮುಟ್ಟಲು ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ತೆಗೆದುಕೊಂಡಿತು ಎಂದಿಟ್ಟುಕೊಳ್ಳಿ. 25 ಫ್ರೇಮ್‌ನ ಕ್ಯಾಮೆರಾಗೆ ಸಿಗುವುದು ಎರಡೋ ಮೂರೋ ಚಿತ್ರ, ಅವೂ ಮಸುಕು. ಹಿಡಿಯದೇ ಬಿಟ್ಟದ್ದನ್ನು ಆಮೇಲೆ ಎಲ್ಲಿಂದ ತರುವುದು? ನಿಧಾನವನ್ನು ಶೂಟಿಂಗ್‌ನಲ್ಲೇ ಹಿಡಿಯಬೇಕು. ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದ ಕಾಲದಲ್ಲಿ ಹಿಡಿಯನ್ನು (ಕ್ರ್ಯಾಂಕ್) ಜೋರಾಗಿ ತಿರುಗಿಸಿದರೆ ಜಾಸ್ತಿ ಫ್ರೇಮ್ ಬೀಳುತ್ತಿತ್ತು. ಮಾಮೂಲಿ ವೇಗದಲ್ಲಿ ತೋರಿಸಿದಾಗ ಅದು ನಿಧಾನವಾಗುತ್ತಿತ್ತು. ಅದಕ್ಕೇ ಇವತ್ತಿಗೂ ಈ ಕೆಲಸಕ್ಕೆ ಓವರ್‌ಕ್ರ್ಯಾಂಕ್ ಎಂಬ ಹೆಸರು. ಆಗಸ್ಟ್ ಮುಸ್ಗರ್ ಎಂಬ ಆಸ್ಟ್ರಿಯಾದ ಪಾದ್ರಿ ಕನ್ನಡಿಗಳ ವ್ಯವಸ್ಥೆಯೊಂದನ್ನು ಮಾಡಿ 1904ರಲ್ಲಿ ಪೇಟೆಂಟ್ ತೆಗೆದುಕೊಂಡಿದ್ದರು. ಅವರು ಭೌತಶಾಸ್ತ್ರದ ಮೇಷ್ಟ್ರೂ ಹೌದು. ನೂರಿಪ್ಪತ್ತು ವರ್ಷದ ಹಿಂದೆ ಒಬ್ಬರು ಕನ್ನಡಿ ಜೋಡಿಸಿ ಮಾಡಿದ್ದನ್ನು ನಾನು ಮೆನುವಿನಲ್ಲಿ ಒಂದು ಸಂಖ್ಯೆ ಬದಲಿಸಿ ಮಾಡಲು ಹೊರಟಿದ್ದೆ.

ಆ ಸಂಖ್ಯೆಯಲ್ಲೇ ಮೊದಲ ಏಟು ತಿಂದದ್ದು.

ನನ್ನ ಕ್ಯಾಮೆರಾದಲ್ಲಿದ್ದ ದೊಡ್ಡ ಸಂಖ್ಯೆ ಸೆಕೆಂಡಿಗೆ 120 ಫ್ರೇಮ್. ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ಅದನ್ನೇ ಇಟ್ಟು, ಅಭ್ಯಾಸದ ಕೋಣೆಯಲ್ಲಿ ಒಂದು ಟೆಸ್ಟ್ ಶೂಟ್ ಮಾಡಿದೆವು. ಮನೆಗೆ ಬಂದು ಎಡಿಟಿಂಗ್‌ನಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುವ ಟೈಮ್‌ಲೈನ್‌ಗೆ ಹಾಕಿದರೆ ಇಡೀ ಚಿತ್ರ ಮಿಣುಕ್ ಮಿಣುಕ್ ಅನ್ನುತ್ತಿತ್ತು. ಸೆಕೆಂಡಿಗೆ ಸರಿಯಾಗಿ ನಾಲ್ಕು ಸಲ. ಕರೆಂಟ್ 50 ಹರ್ಟ್ಜ್ ಇರುವ ಕಡೆ ಮಾಮೂಲಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಕ್ಯಾಮೆರಾ 120 ಸಲ ನೋಡುತ್ತಿದೆ. ಎರಡರ ನಡುವಿನ ವ್ಯತ್ಯಾಸ 20. ಅದನ್ನು ಐದು ಪಟ್ಟು ನಿಧಾನ ಮಾಡಿದಾಗ ಸೆಕೆಂಡಿಗೆ 4 ಮಿಣುಕು. ಲೆಕ್ಕ ಅರ್ಥವಾದ ಮೇಲೆ ಮನಸ್ಸಿಗೆ ಸಮಾಧಾನ ಆಯಿತು. ಯಾಕೆಂದರೆ ಲೆಕ್ಕದಿಂದ ಬಂದ ತೊಂದರೆಗೆ ಲೆಕ್ಕದಲ್ಲೇ ಪರಿಹಾರ ಇರುತ್ತದೆ.

ಅಲ್ಲಿಂದ ನಾನು 25, 50, 100 ಈ ಮೂರಕ್ಕೇ ಅಂಟಿಕೊಂಡೆ. 25 ಮಾಮೂಲಿ ವೇಗಕ್ಕೆ, 50 ಎರಡು ಪಟ್ಟು ನಿಧಾನಕ್ಕೆ, 100 ನಾಲ್ಕು ಪಟ್ಟಿಗೆ. ದೀಪ ಏರಿಳಿಯುವ ಲಯಕ್ಕೆ ಇವು ಹೆಚ್ಚುಕಡಿಮೆ ಕೂಡಿಕೊಳ್ಳುತ್ತವೆ. (60 ಹರ್ಟ್ಜ್ ಇರುವ ಕಡೆ 30, 60, 120 ಹಿಡಿದರೆ ಇದೇ ಅನುಕೂಲ.) ಇನ್ನೊಂದು ಲಾಭವೂ ಇತ್ತು. ಎಷ್ಟೋ ಕ್ಯಾಮೆರಾಗಳಲ್ಲಿ 24 ಎಂದು ಬರೆದಿದ್ದರೂ ನಿಜವಾಗಿ ಓಡುವುದು 23.976. ಕ್ಯಾಮೆರಾದಲ್ಲಿ ಅದು, ಟೈಮ್‌ಲೈನ್‌ನಲ್ಲಿ ಪೂರ್ತಿ 24 ಆಗಿಬಿಟ್ಟರೆ ನಾಲ್ಕು ನಿಮಿಷದ ಹಾಡಿನ ಕೊನೆಗೆ ತುಟಿಗೂ ಮಾತಿಗೂ ಸುಮಾರು 6 ಫ್ರೇಮ್ ಅಂತರ ಬೀಳುತ್ತದೆ. 25ರಲ್ಲಿ ಆ ತಲೆನೋವು ಇಲ್ಲ. ಡಿಮ್ಮರ್ ಹಾಕಿದ ಕೆಲವು ಎಲ್‌ಇಡಿಗಳು ಮಾತ್ರ ಬೇರೆಯೇ ಲಯದಲ್ಲಿ ಮಿನುಗುತ್ತವೆ. ಅವನ್ನು ಟೆಸ್ಟ್ ಮಾಡಿಯೇ ನೋಡಬೇಕು, ಬೇರೆ ದಾರಿ ಇಲ್ಲ.

ಈಗ ಹಾಡುವವಳ ವಿಷಯಕ್ಕೆ ಬರುತ್ತೇನೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ನಿಧಾನವಾಗಿ ಚಲಿಸುವ ಮುಖ, ಆದರೆ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂತಿದೆ. ಕೂದಲು ನೀರಿನಲ್ಲಿದ್ದ ಹಾಗೆ ತೇಲುತ್ತದೆ, ಹಾಡು ಮಾತ್ರ ತನ್ನ ವೇಗದಲ್ಲೇ ಇದೆ. ಇದನ್ನು ನೀವೂ ನೋಡಿರುತ್ತೀರಿ. ಮಾಡುವ ರೀತಿ ಹೀಗೆ. ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಹಾಡುವವರು ಅದೇ ವೇಗಕ್ಕೆ ತುಟಿ ಆಡಿಸಬೇಕು. ಕ್ಯಾಮೆರಾ 50 ಫ್ರೇಮ್ ಹಿಡಿಯುತ್ತದೆ. ಅದನ್ನು 25ರಲ್ಲಿ ಓಡಿಸಿದಾಗ ಎರಡು ಪಟ್ಟು ಜೋರಾಗಿ ಹಾಡಿದ್ದು ಅರ್ಧಕ್ಕೆ ಇಳಿದು, ಅಸಲಿ ಹಾಡಿಗೆ ಸರಿಹೋಗುತ್ತದೆ. ನಮ್ಮ 4 ನಿಮಿಷ 10 ಸೆಕೆಂಡಿನ ಹಾಡು ಶೂಟಿಂಗ್‌ನಲ್ಲಿ 2 ನಿಮಿಷ 5 ಸೆಕೆಂಡಾಯಿತು. ವೇಗ ನಿಮಿಷಕ್ಕೆ 168 ಬೀಟ್.

ಹಾಡನ್ನು ಸುಮ್ನೆ ಜೋರಾಗಿ ಓಡಿಸಿದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗಿ ದನಿ ಕೀರಲಾಗುತ್ತದೆ. ಆ ದನಿಗೆ ಭಾವ ತುಂಬಿ ಹಾಡು ಅಂದರೆ ಯಾರಿಗೂ ಆಗುವುದಿಲ್ಲ. ಹಾಗಾಗಿ ಸ್ವರ ಏರದಂತೆ ವೇಗ ಮಾತ್ರ ಹೆಚ್ಚಿಸಿ ಟ್ರ್ಯಾಕ್ ಮಾಡಿಕೊಂಡೆವು. ಹಾಗೆ ಮಾಡಿದಾಗ ತಾಳದ ಮೊನಚು ಸ್ವಲ್ಪ ಹೋಗುತ್ತದೆ. ಅದಕ್ಕೆ ಮೇಲಿನಿಂದ ತಾಳ ತೋರಿಸುವ ಒಂದು ಕ್ಲಿಕ್ ಸದ್ದು ಸೇರಿಸಿ, ಶುರುವಿಗೆ ನಾಲ್ಕು ಬೀಪ್ ಇಟ್ಟೆವು.

ಅವಳು ವಾರಪೂರ್ತಿ ಅಭ್ಯಾಸ ಮಾಡಿದಳು. ಮೊದಲು ಒಂದೂಕಾಲು ಪಟ್ಟು, ಆಮೇಲೆ ಒಂದೂವರೆ, ಆಮೇಲೆ ಎರಡು. ಒತ್ತಕ್ಷರ ಇರುವ ಪದಗಳಲ್ಲಿ ನಾಲಿಗೆ ತೊಡರುತ್ತಿತ್ತು. ಅದನ್ನು ದಾಟಿದಳು. ಶೂಟಿಂಗ್ ದಿನ ಒಂದು ತಪ್ಪೂ ಇಲ್ಲದೆ ಹಾಡಿ ಮುಗಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಮನೆಗೆ ಬಂದು ಫೈಲ್ ತೆರೆದರೆ ಶಬ್ದವೇ ಇಲ್ಲ. ಕ್ಯಾಮೆರಾದ ಸ್ಲೋ ಮೋಷನ್ ಮೋಡ್‌ನಲ್ಲಿ ಧ್ವನಿ ರೆಕಾರ್ಡ್ ಆಗುವುದೇ ಇಲ್ಲ. ಬಹಳಷ್ಟು ಕ್ಯಾಮೆರಾಗಳಲ್ಲಿ ಹೀಗೇ. ನನಗೆ ಅದು ಹೊಳೆದಿರಲಿಲ್ಲ. ಚಿತ್ರವನ್ನು ಹಾಡಿಗೆ ಹೊಂದಿಸಿಕೊಳ್ಳಲು ಟೇಕ್ ಶುರುವಿಗೆ ತಟ್ಟುವ ಚಪ್ಪಾಳೆಯ ಗುರುತನ್ನೂ ಇಟ್ಟಿರಲಿಲ್ಲ. ಹನ್ನೊಂದು ಟೇಕ್, ಯಾವುದು ಹಾಡಿನ ಎಲ್ಲಿಂದ ಶುರುವಾಗುತ್ತದೆ ಎಂದು ಹೇಳಲು ಒಂದು ಸುಳಿವೂ ಇಲ್ಲ.

ಆ ರಾತ್ರಿ ನನ್ನನ್ನು ಉಳಿಸಿದ್ದು ಒಂದನೇ ಕ್ಲಾಸಿನ ಅಕ್ಷರಮಾಲೆ. ಪ ಫ ಬ ಭ ಮ. ಇವಕ್ಕೆ ಎರಡೂ ತುಟಿ ಮುಚ್ಚಲೇಬೇಕು. ಕ, ತ, ನ ಹೇಳುವಾಗ ನಾಲಿಗೆ ಬಾಯೊಳಗೇ ಕೆಲಸ ಮಾಡಿಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಪಲ್ಲವಿಯ ಮೊದಲ ಸಾಲಿನಲ್ಲಿ ಮೂರು ಕಡೆ 'ಮ' ಬರುತ್ತದೆ. ಶಬ್ದವಿಲ್ಲದ ಚಿತ್ರದಲ್ಲಿ ಆ ಮೂರು ಮುಚ್ಚುವಿಕೆಗಳನ್ನು ಹುಡುಕಿ, ಹಾಡಿನ ಮೂರು 'ಮ'ಗಳ ಮೇಲೆ ಕೂರಿಸಿದೆ. ಮೂರೂ ಕೂತರೆ ಸಾಲು ಕೂತಂತೆ. ಹೀಗೆ ಒಂದೊಂದೇ ಟೇಕ್ ಜೋಡಿಸುತ್ತಾ ಬೆಳಗಾಯಿತು. ಈಗ ಪ್ರತಿ ಟೇಕ್ ಶುರುವಿನಲ್ಲೂ ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿಸುತ್ತೇನೆ. ಸರಿಯಾಗಿ ನಾಲ್ಕನೇ ಬೀಪ್‌ಗೆ. ಹಾಡಿನ ಎಷ್ಟನೇ ಸಾಲು ಎಂದು ಬೆರಳಲ್ಲಿ ತೋರಿಸಲೂ ಹೇಳುತ್ತೇನೆ. ಆದರೂ ಕೊನೆಯ ಫ್ರೇಮ್‌ನ ತಿದ್ದುಪಡಿಯನ್ನು ಇವತ್ತಿಗೂ 'ಮ' ನೋಡಿಯೇ ಮಾಡುವುದು.

ತುಟಿಗೂ ಹಾಡಿಗೂ ಹೊಂದಿಕೆ, ಅಂದರೆ ಸಿಂಕ್, ಏನೋ ಕೂತಿತು. ಆದರೆ ನೋಡಿದಾಗ ಏನೋ ಸರಿ ಇಲ್ಲ ಅನ್ನಿಸಿತು. ತುಂಬಾ ಹೊತ್ತು ನೋಡಿದ ಮೇಲೆ ಮೂರು ವಿಷಯ ಕಂಡವು.

ಒಂದು, ದೀರ್ಘಾಕ್ಷರಗಳು. ಎರಡು ಪಟ್ಟು ವೇಗದಲ್ಲಿ ಹಾಡುವಾಗ ಮುಂದಿನ ಪದದ ಅವಸರಕ್ಕೆ ಅವಳು ದೀರ್ಘವನ್ನು ಸ್ವಲ್ಪ ಮೊಟಕು ಮಾಡಿದ್ದಳು. ನಿಧಾನ ಮಾಡಿದಾಗ ಹಾಡಿನಲ್ಲಿ 'ಆ' ಇನ್ನೂ ಎಳೆಯುತ್ತಿದೆ, ಚಿತ್ರದಲ್ಲಿ ಬಾಯಿ ಮುಚ್ಚಿಹೋಗಿದೆ. ಇನ್ನೊಂದು, ಕಣ್ಣು ಮಿಟುಕಿಸುವುದು. ಮಾಮೂಲಿ ಮಿಟುಕು ಗೊತ್ತೇ ಆಗುವುದಿಲ್ಲ. ಎರಡು ಪಟ್ಟು ನಿಧಾನವಾದರೆ ನಿದ್ದೆಗಣ್ಣಿನ ಹಾಗೆ ಕಾಣುತ್ತದೆ. ಮೂರನೆಯದು ಮುಖ್ಯವಾದದ್ದು. ವೇಗ ಹಿಡಿಯಬೇಕು ಅನ್ನುವ ಆತಂಕ ಅವಳ ಹುಬ್ಬುಗಳ ನಡುವೆ ಕೂತಿತ್ತು. ನಿಧಾನ ಚಿತ್ರದಲ್ಲಿ ಮುಖ ಏನನ್ನೂ ಮುಚ್ಚಿಡಲಾರದು. ವಿರಹದ ಸಾಲು ಹಾಡುತ್ತಿರುವವಳು ಪರೀಕ್ಷೆ ಬರೆಯುವವಳ ಹಾಗೆ ಕಾಣುತ್ತಿದ್ದಳು.

ನಾನು ಹೇಗೆ ಹೇಳುವುದು ಎಂದು ಯೋಚಿಸುತ್ತಿರುವಾಗ ಅವಳೇ ನೋಡಿ, "ಇದು ನಾನಲ್ಲ, ಮತ್ತೆ ಮಾಡೋಣ" ಅಂದಳು.

ಎರಡನೇ ಸಲ ಪೂರ್ತಿ ಹಾಡನ್ನು ಮಾಡಲಿಲ್ಲ. ಎರಡೆರಡು ಸಾಲು ಮಾತ್ರ. ಸಾಲಿನ ಕೊನೆಯ ದೀರ್ಘವನ್ನು ಬೇಕೆಂದೇ ಒಂದು ಚೂರು ಹೆಚ್ಚು ಹಿಡಿಯುವುದು. ಬಾಯಿ ಮಾಮೂಲಿಗಿಂತ ಜಾಸ್ತಿ ತೆರೆಯುವುದು. ಕಣ್ಣು ಮಿಟುಕಿಸುವುದಾದರೆ ಎರಡು ಸಾಲಿನ ನಡುವೆ. ಮತ್ತೆ, ಮೌನವಾಗಿ ತುಟಿ ಆಡಿಸಬೇಡ, ನಿಜಕ್ಕೂ ದನಿ ತೆಗೆದು ಹಾಡು ಅಂದೆ. ದನಿ ತೆಗೆದರೆ ಗಂಟಲಿನ ನರ, ಎದೆ, ಭುಜ ಎಲ್ಲವೂ ಹಾಡುತ್ತವೆ. ಒಂದು ಚರಣ ಎರಡು ಪಟ್ಟು ವೇಗಕ್ಕೆ ಬಗ್ಗಲೇ ಇಲ್ಲ, ಪದಗಳು ಅಷ್ಟು ಒತ್ತೊತ್ತಾಗಿವೆ. ಅದನ್ನು ಒಂದೂವರೆ ಪಟ್ಟಿನಲ್ಲಿ ಹಾಡಿಸಿ 50 ಫ್ರೇಮ್‌ನಲ್ಲೇ ಹಿಡಿದೆ. ಟೈಮ್‌ಲೈನ್‌ನಲ್ಲಿ ಅದರ ವೇಗ ಮೂರರಲ್ಲಿ ಎರಡು ಪಾಲಿಗೆ ಇಳಿಸಬೇಕು. ಆಗ ನಾಲ್ಕರಲ್ಲಿ ಒಂದು ಫ್ರೇಮ್ ಬಿಟ್ಟುಹೋಗುತ್ತದೆ. ಕ್ಯಾಮೆರಾ ತಿರುಗಿಸಿದರೆ ಅದು ತಡವರಿಸಿದ ಹಾಗೆ ಕಾಣುತ್ತದೆ, ಟ್ರೈಪಾಡ್ ಮೇಲೆ ಅಲುಗದೆ ಇಟ್ಟರೆ ಗೊತ್ತಾಗುವುದಿಲ್ಲ.

ಬೆಳಕಿನದ್ದು ಸಣ್ಣ ಮಾತಲ್ಲವಾದರೂ ಬೇಗ ಹೇಳಿಬಿಡಬಹುದು. ಫ್ರೇಮ್ ಎರಡು ಪಟ್ಟಾದರೆ ಒಂದೊಂದು ಫ್ರೇಮ್‌ಗೆ ಸಿಗುವ ಬೆಳಕು ಅರ್ಧ. 25 ಫ್ರೇಮ್‌ಗೆ ಶಟರ್ (ಒಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಇಡುತ್ತೇವೆ, 50ಕ್ಕೆ 1/100, 100ಕ್ಕೆ 1/200. ಅಂದರೆ 100 ಫ್ರೇಮ್‌ಗೆ ನಾಲ್ಕು ಪಟ್ಟು ಬೆಳಕು ಬೇಕು. ಕೋಣೆಯ ದೀಪಗಳಲ್ಲಿ ಇದು ಆಗದ ಮಾತು. ಕ್ಯಾಮೆರಾದ ಐಎಸ್‌ಒ ಏರಿಸಿ ಚಿತ್ರವನ್ನು ಬೆಳಗಿಸಿದರೆ ಕಪ್ಪಿನಲ್ಲೆಲ್ಲ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಮುತ್ತುತ್ತದೆ. 100 ಫ್ರೇಮ್‌ನ ಶಾಟ್‌ಗಳನ್ನೆಲ್ಲ ಒಂದೇ ದೊಡ್ಡ ಕಿಟಕಿಯ ಹತ್ತಿರ, ಮಧ್ಯಾಹ್ನದ ಎರಡು ಗಂಟೆಯೊಳಗೆ ಮುಗಿಸಿದೆವು. ಬಿಸಿಲಿಗೆ 50 ಹರ್ಟ್ಜ್ ಇಲ್ಲ, ಮಿಣುಕೂ ಇಲ್ಲ.

ಡ್ರಮ್ಮರ್‌ನ ಸರದಿ ಬಂದಾಗ ಅವನಿಗೆ ಆದ ನಿರಾಸೆಯನ್ನು ಇಲ್ಲಿ ಹೇಳಲೇಬೇಕು. 168ರ ವೇಗಕ್ಕೆ ಅವನು ಸಲೀಸಾಗಿ ನುಡಿಸಿದ. ಪ್ಲೇಬ್ಯಾಕ್ ಅವನ ಏಟಿನ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಅದಕ್ಕೆ ಕೂದಲಿನ ಹಿಂದೆ ಮರೆಯಾಗುವಂತೆ ಇಯರ್‌ಫೋನ್ ಹಾಕಿಸಿದೆವು. ತಾಳ ತಪ್ಪಲಿಲ್ಲ. ಆದರೆ ಪರದೆಯಲ್ಲಿ ನೋಡಿದರೆ ಏಟಿಗೆ ಬಲವೇ ಇಲ್ಲ. ವೇಗ ಹೆಚ್ಚಿದಾಗ ಕೈ ಮೇಲೆ ಹೋಗಲು ಸಮಯ ಸಿಗುವುದಿಲ್ಲ, ಕೋಲು ಡ್ರಮ್‌ನ ಹತ್ತಿರದಲ್ಲೇ ಆಡುತ್ತದೆ. ನಿಧಾನ ಮಾಡಿದಾಗ ಸುಸ್ತಾದವನು ತಟ್ಟಿದ ಹಾಗೆ. "ಇಷ್ಟು ಹೊಡೆದರೂ ಸಾಲದಾ?" ಅಂದ, ಬೆವರು ಒರೆಸಿಕೊಳ್ಳುತ್ತಾ.

ಸಾಲದೇ ಇದ್ದದ್ದು ಬಲವಲ್ಲ, ದೂರ. ಎಲ್ಲ ಏಟುಗಳನ್ನೂ ನುಡಿಸಬೇಡ ಅಂದೆ. ಎರಡನೇ ಮತ್ತು ನಾಲ್ಕನೇ ಬೀಟ್‌ನಲ್ಲಿ ಸ್ನೇರ್ ಡ್ರಮ್ಮಿನ ಏಟು ಮಾತ್ರ ಇರಲಿ, ಆದರೆ ಕೈ ಭುಜದವರೆಗೆ ಏಳಲಿ. ನಡುವೆ ಹೈ-ಹ್ಯಾಟ್ (ಜೋಡಿ ಸಿಂಬಲ್) ಮೇಲಿನ ಏಟು ಬಿಟ್ಟುಬಿಡು. ಕಲಾವಿದನಿಗೆ ಅರ್ಧ ನುಡಿಸು ಅನ್ನುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಅವನಿಗೆ ಅದು ಸುಳ್ಳು ಹೇಳಿದ ಹಾಗೆ ಅನ್ನಿಸಿತ್ತು. ಒಂದು ಟೇಕ್ ಮಾಡಿ ತೋರಿಸಿದ ಮೇಲೆ ಒಪ್ಪಿದ. ಕೋಲು ಮೇಲೇರಿ, ಅಲ್ಲಿ ಒಂದು ಗಳಿಗೆ ನಿಂತು, ಭಾರವಾಗಿ ಇಳಿಯುತ್ತಿತ್ತು. ಅವನು ದಿನಾ ನುಡಿಸುವಾಗ ನಮಗೆ ಹೇಗೆ ಅನ್ನಿಸುತ್ತದೋ ಹಾಗೇ ಕಂಡಿತು.

100 ಫ್ರೇಮ್‌ನಲ್ಲಿ ತುಟಿ ಸಿಂಕ್ ಆಗದ ಕೆಲಸ. ನಾಲ್ಕು ಪಟ್ಟು ವೇಗ ಅಂದರೆ ನಿಮಿಷಕ್ಕೆ 336 ಬೀಟ್, ಯಾರ ಬಾಯಿಗೂ ಬರುವುದಿಲ್ಲ. ಸಿಂಕ್ ಬೇಡದ ಸಂಗತಿಗಳಿಗೆ ಮಾತ್ರ ಅದನ್ನು ಇಟ್ಟುಕೊಂಡೆವು. ಅಲ್ಲಿ ನಾವು ಕಂಡದ್ದು ಒಂದೆರಡಲ್ಲ. ಹೊಡೆದ ಸಿಂಬಲ್ ಗಟ್ಟಿ ಲೋಹದ ಹಾಗೆ ಇರುವುದೇ ಇಲ್ಲ, ಅಂಚು ಒದ್ದೆ ಬಟ್ಟೆಯ ಹಾಗೆ ಅಲೆಯಾಡುತ್ತದೆ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ನಾಲ್ಕು ಪಟ್ಟು ನಿಧಾನವಾದಾಗ ಆ ಅದುರು ಕಣ್ಣಿಗೆ ಎಣಿಸಿಕೊಳ್ಳುವಷ್ಟು ಹತ್ತಿರ ಬರುತ್ತದೆ. ನಾವು ಕಿವಿಯಿಂದ ಮಾತ್ರ ತಿಳಿದಿದ್ದ ಸ್ವರ ಇಲ್ಲಿ ಕಣ್ಣಿಗೆ ಕಾಣುವ ಒಂದು ತೂಗಾಟ. ಬೇಸ್‌ನವನು ಮಾನಿಟರ್ ಮುಂದೆ ತುಂಬಾ ಹೊತ್ತು ಕೂತುಬಿಟ್ಟ. ತೆಳು ತಂತಿಗಳು ಕೆಲವು ಸಲ ಹಾವಿನ ಹಾಗೆ ಸೊಟ್ಟಸೊಟ್ಟ ಕಾಣುತ್ತವೆ. ಅದು ತಂತಿಯ ಆಕಾರವಲ್ಲ. ಸೆನ್ಸರ್ ಫ್ರೇಮನ್ನು ಒಂದೇ ಸಲ ಓದದೆ ಸಾಲು ಸಾಲಾಗಿ ಓದುತ್ತದೆ, ಅಷ್ಟರಲ್ಲಿ ತಂತಿ ಜಾಗ ಬದಲಿಸಿರುತ್ತದೆ. ನನಗೆ ಆ ಸುಳ್ಳು ಆಕಾರ ಇಷ್ಟವಾಗಲಿಲ್ಲ, ಆ ಶಾಟ್‌ಗಳನ್ನು ಬಿಟ್ಟೆ.

ಡ್ರಮ್ ಮೇಲೆ ನೀರು ಸುರಿದು ಹೊಡೆಯುವ ಶಾಟ್ ಬೇಕೆಂದು ಎಲ್ಲರೂ ಕೇಳಿದರು. ಎಷ್ಟೋ ವಿಡಿಯೊಗಳಲ್ಲಿ ಬಂದಿರುವ ಶಾಟ್ ಅದು, ಚೆಂದವೂ ಹೌದು. ಆದರೆ ನಮ್ಮ ಹಾಡಿನಲ್ಲಿ ನೀರೂ ಇಲ್ಲ, ಮಳೆಯೂ ಇಲ್ಲ. ಬಹಳ ಕಾಲ ಮುಚ್ಚಿಟ್ಟ ಪತ್ರವೊಂದನ್ನು ತೆರೆಯುವ ಹಾಡು. ಅದಕ್ಕೆ ದೂಳು ಸರಿ ಅನ್ನಿಸಿತು. ಹಳೆಯ ಡ್ರಮ್ ಹೊದಿಕೆಯ ಮೇಲೆ ಸೀಮೆಸುಣ್ಣದ ಪುಡಿ ತೆಳ್ಳಗೆ ಉದುರಿಸಿದೆವು. ಬೆಳಕು ಹಿಂದಿನಿಂದ, ಹಿನ್ನೆಲೆ ಕಪ್ಪು. ಎದುರಿನಿಂದ ಬೆಳಕು ಬಿಟ್ಟರೆ ಪುಡಿ ಕಾಣುವುದೇ ಇಲ್ಲ. ಹಿಂದಿನಿಂದ ಬಿಟ್ಟರೆ ಒಂದೊಂದು ಕಣವೂ ಹೊಳೆಯುತ್ತದೆ. ಶಟರನ್ನು 1/400ಕ್ಕೆ ಏರಿಸಿದಾಗ ಕಣಗಳು ಇನ್ನೂ ಸ್ಪಷ್ಟವಾದವು. ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾಲ್ಕೇ ಏಟು, ನಾಲ್ಕೂ ಚೆನ್ನಾಗಿ ಬಂದವು.

ನಡುವಿನ ಭಾಗಕ್ಕೆ ತಿರುಗುಮುರುಗು ಉಪಾಯ ಮಾಡಿದೆವು. ಹಾಡನ್ನು ಅರ್ಧ ವೇಗಕ್ಕೆ ಇಳಿಸಿ, ಹಾಡುವವಳು ನಿಧಾನವಾಗಿ ತುಟಿ ಆಡಿಸುತ್ತಾ ಒಂದೇ ಕಡೆ ನಿಂತಿದ್ದಳು. ಹಿಂದೆ ಉಳಿದವರು ವಾದ್ಯಗಳನ್ನು ಕಟ್ಟಿ ಒಳಗೆ ಸಾಗಿಸುತ್ತಿದ್ದರು. ಮಾಮೂಲಿ 25 ಫ್ರೇಮ್‌ನಲ್ಲಿ ಹಿಡಿದು ಎಡಿಟಿಂಗ್‌ನಲ್ಲಿ ಎರಡು ಪಟ್ಟು ಓಡಿಸಿದೆ. ತುಟಿ ಹಾಡಿಗೆ ಸರಿಯಾಗಿ ಕೂತಿದೆ, ಸುತ್ತಲಿನವರು ಮಾತ್ರ ಸರಸರ ಓಡಾಡುತ್ತಾರೆ. ಇದಕ್ಕೆ ಯಾವ ವಿಶೇಷ ಕ್ಯಾಮೆರಾವೂ ಬೇಡ, ಫೋನಿನಲ್ಲೂ ಮಾಡಬಹುದು. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಎಲ್ಲ ಮುಗಿಸಿ ಎಡಿಟಿಂಗ್‌ಗೆ ಕೂತೆ. ಮೊದಲ ಕಟ್‌ನಲ್ಲಿ ಮಾತು ಕೊಟ್ಟ ಹಾಗೆ ಪೂರ್ತಿ ಹಾಡು ಸ್ಲೋ ಮೋಷನ್. ಒಂದೊಂದು ಶಾಟ್ ಬಿಡಿಯಾಗಿ ಚೆಂದ. ಜೋಡಿಸಿದರೆ ಒಂದೂವರೆ ನಿಮಿಷಕ್ಕೇ ಮನಸ್ಸು ಜಾರುತ್ತಿತ್ತು. ಎಲ್ಲವೂ ನಿಧಾನವಾದರೆ ಯಾವುದೂ ನಿಧಾನ ಅನ್ನಿಸುವುದಿಲ್ಲ. ಪೂರ್ತಿ ನಿಧಾನದಲ್ಲೇ ನಿಲ್ಲಿಸಿದವರು ಇಲ್ಲವೆಂದಲ್ಲ. ಓಕೆ ಗೋ ಎಂಬ ಬ್ಯಾಂಡ್ 2016ರಲ್ಲಿ ಬರೀ 4.2 ಸೆಕೆಂಡಿನಲ್ಲಿ ನಡೆದ ಸ್ಫೋಟಗಳನ್ನು ಎಳೆದು ಒಂದು ಹಾಡಿನ ಬಹುಪಾಲನ್ನು ತುಂಬಿತ್ತು. ಆದರೆ ಅಲ್ಲಿ ಪ್ರತಿ ಸ್ಫೋಟವನ್ನೂ ಹಾಡಿನ ತಾಳಕ್ಕೆ ಮೊದಲೇ ಲೆಕ್ಕ ಹಾಕಿ ಕೂರಿಸಿದ್ದರು. ನಾನು ಲೆಕ್ಕವೇ ಇಲ್ಲದೆ ಸುರಿದಿದ್ದೆ.

ಅಷ್ಟರಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. 'ಮ' ಹುಡುಕುತ್ತಾ ಟೇಕ್‌ಗಳ ಶುರುವನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದೆನಲ್ಲ, ಹಾಡು ಶುರುವಾಗುವ ಮುಂಚಿನ ಅರ್ಧ ಸೆಕೆಂಡಿನಲ್ಲಿ ಏನೇನೋ ಇತ್ತು. ಹಾಡುವವಳು ಉಸಿರು ಎಳೆದುಕೊಳ್ಳುತ್ತಾಳೆ, ಕೊರಳ ಮೂಳೆಗಳು ಏಳುತ್ತವೆ. ಬೇಸ್‌ನವನು ಪ್ರತಿ ಸಲವೂ ಡ್ರಮ್ಮರ್‌ನ ಕಡೆ ಒಂದು ನೋಟ ಹಾಯಿಸುತ್ತಾನೆ. ಡ್ರಮ್ಮರ್ ಕೋಲು ಎತ್ತಿದಾಗ ಕಣ್ಣು ಮುಚ್ಚಿಕೊಳ್ಳುತ್ತಾನೆ. ಇದು ಯಾರೂ ಯೋಜನೆ ಮಾಡಿದ್ದಲ್ಲ. ಅವರಿಗೇ ಗೊತ್ತಿರಲಿಲ್ಲ.

ನಾನು ಸ್ಲೋ ಮೋಷನ್ನನ್ನು ಪೆಟ್ಟಿನ ಮೇಲೆ, ಪೆಟ್ಟಿನ ನಂತರ ಇಡುತ್ತಿದ್ದೆ. ಸಿಂಬಲ್ ಅದುರುವುದು, ದೂಳು ಏಳುವುದು. ಆದರೆ ಹಾಡು ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ಕಿವಿ ಮುಂದೆ, ಕಣ್ಣು ಹಿಂದೆ. ಅದೇ ನಿಧಾನವನ್ನು ಪೆಟ್ಟಿನ ಮುಂಚೆ ಇಟ್ಟು ನೋಡಿದೆ. ಪೆಟ್ಟು ಬರುತ್ತದೆ ಎಂದು ಕಿವಿಗೆ ಗೊತ್ತು. ಕಣ್ಣು ಅದಕ್ಕಾಗಿ ಕಾಯುತ್ತದೆ. ಕೋಲು ಮುಟ್ಟಿದ ಅದೇ ಫ್ರೇಮ್‌ಗೆ ಮಾಮೂಲಿ ವೇಗಕ್ಕೆ ಕಟ್ ಮಾಡಿದೆ. ಕುರ್ಚಿಯಲ್ಲಿ ನಾನೇ ಒಮ್ಮೆ ಮುಂದಕ್ಕೆ ಬಾಗಿದೆ.

ಆಮೇಲೆ ಎಲ್ಲವನ್ನೂ ಮತ್ತೆ ಅಳೆದೆ. ನಮ್ಮ ಹಾಡಿನಲ್ಲಿ ಒಂದು ಬೀಟ್ ಅಂದರೆ 0.71 ಸೆಕೆಂಡು. ನಾಲ್ಕು ಬೀಟ್‌ನ ಒಂದು ಆವರ್ತಕ್ಕೆ ಸುಮಾರು 2.86. ಗಿಟಾರ್‌ನವನು ಒಂದು ಅಡಿ ಎತ್ತರ ಹಾರಿದರೆ ಗಾಳಿಯಲ್ಲಿ ಇರುವುದು ಅರ್ಧ ಸೆಕೆಂಡು. 100 ಫ್ರೇಮ್‌ನಲ್ಲಿ ಅದು 2 ಸೆಕೆಂಡು, ಅಂದರೆ ಮೂರು ಬೀಟ್‌ಗೆ ಸ್ವಲ್ಪ ಕಡಿಮೆ. ಎರಡನೇ ಬೀಟ್‌ನಲ್ಲಿ ನೆಲ ಬಿಟ್ಟರೆ ಮುಂದಿನ ಆವರ್ತದ ಮೊದಲ ಪೆಟ್ಟಿಗೆ ಕಾಲು ಊರಿದ ಹಾಗೆ ಕೂರಿಸಬಹುದು. ಹೀಗೆ ಪ್ರತಿ ನಿಧಾನಕ್ಕೂ ಕೊನೆಯ ಜಾಗ ಮೊದಲು ಗೊತ್ತುಮಾಡಿ, ಶುರುವನ್ನು ಆಮೇಲೆ ಹುಡುಕಿದೆ. ಪಲ್ಲವಿ ಮೂರು ಸಲ ಬರುತ್ತದೆ. ಮೊದಲ ಸಲ ಪೂರ್ತಿ ಮಾಮೂಲಿ ವೇಗ. ಎರಡನೇ ಸಲ ಶುರುವಿನ ಉಸಿರು ಮಾತ್ರ ನಿಧಾನ. ಮೂರನೇ ಸಲ ಅವಳು ಕಷ್ಟಪಟ್ಟು ಕಲಿತ ಎರಡು ಪಟ್ಟಿನ ಸಾಲುಗಳು. ಅಲ್ಲಿಯವರೆಗೆ ಕಾಯಿಸಿದ್ದಕ್ಕೇ ಅವು ಎದೆಗೆ ತಾಗುತ್ತವೆ.

ಸೀಮೆಸುಣ್ಣದ ನಾಲ್ಕು ಏಟುಗಳಲ್ಲಿ ಉಳಿದದ್ದು ಒಂದೇ. ಬೇಸ್ ತಂತಿಯ ಶಾಟ್ ಎಲ್ಲಿಯೂ ಕೂರಲಿಲ್ಲ. ಅದನ್ನು ಬಿಡುವಾಗ ನಿಜಕ್ಕೂ ಸಂಕಟ ಆಯಿತು. ಬದಲಿಗೆ ಡ್ರಮ್ಮರ್‌ನ ಕಡೆ ಹಾಯಿಸುವ ಬೇಸ್‌ನವನ ಆ ನೋಟ ಉಳಿಯಿತು.

ಸಿಂಬಲ್ ಹಿಡಿಯುವ ಶಾಟ್ ಇನ್ನೂ ಬಾಕಿ ಇತ್ತು. ಬೇಕೆಂದು ಮಾಡಿಸಿದ ಟೇಕ್‌ಗಳಲ್ಲಿ ಡ್ರಮ್ಮರ್ ತುಂಬಾ ಎಚ್ಚರದಿಂದ ಹಿಡಿಯುತ್ತಿದ್ದ, ಆ ಮೆತ್ತಗಿನ ಗುಣ ಬರುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಬೇರೆ ಯಾವುದೋ ಟೇಕ್‌ನ ಬಾಲದಲ್ಲಿ. ನಾನು ಸಾಕು ಅಂದಿದ್ದೆ, ಕ್ಯಾಮೆರಾ ಇನ್ನೂ ಓಡುತ್ತಿತ್ತು. ಅವನು ಯಾರನ್ನೋ ನೋಡುತ್ತಾ, ಗಮನವೇ ಇಲ್ಲದೆ ಕೈ ಚಾಚಿ ಹಿಡಿದಿದ್ದ. ಅದರಲ್ಲೂ ತೊಡಕಿತ್ತು. ಹಿಡಿದ ಕೂಡಲೇ ಸದ್ದು ನಿಲ್ಲಬೇಕು, ಆದರೆ ರೆಕಾರ್ಡಿಂಗ್‌ನಲ್ಲಿ ಸಿಂಬಲ್ ಇನ್ನೂ ಕೆಲವು ಸೆಕೆಂಡು ಮೊಳಗುತ್ತಲೇ ಇರುತ್ತದೆ. ಮಿಕ್ಸಿಂಗ್ ಮಾಡಿದ್ದು ಗಿಟಾರ್‌ನವನೇ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆರಳುಗಳು ಅಂಚಿಗೆ ತಾಗುವ ಫ್ರೇಮ್‌ನಿಂದ ಅಂಗೈ ಪೂರ್ತಿ ಮುಚ್ಚುವ ಫ್ರೇಮ್‌ವರೆಗೆ ಮೊಳಗನ್ನು ಇಳಿಸಿದೆವು. ಎರಡು ಸೆಕೆಂಡು. ಸದ್ದೂ ಅದುರೂ ಒಟ್ಟಿಗೆ ನಿಂತವು.

ನಾಲ್ವರನ್ನೂ ಕೂರಿಸಿ ತೋರಿಸಿದೆ. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಡ್ರಮ್ಮರ್ ಪರದೆಯನ್ನೇ ನೋಡುತ್ತಿದ್ದ.

"ನಾನು ಹೀಗೆ ಹಿಡೀತೀನಾ ಅಣ್ಣಾ?"

"ಪ್ರತಿ ಸಲ ಹೀಗೇ ಕಣೋ."

ಅವನು ಮೌಸ್ ತೆಗೆದುಕೊಂಡು ಆ ಎರಡು ಸೆಕೆಂಡನ್ನು ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡಿದ.